ಬಾಲಚಾಪಲ್ಯವೂ ವಂಶಗುಣವೂ

ಮನಸ್ಸಿನ ವ್ಯಾಧಿಗಳ ವಿಷಯವಾಗಿ ಕನ್ನಡದಲ್ಲಿ ಬರೆಯತಕ್ಕವರು ಈಗ ವಿರಳರಲ್ಲ. 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿ ನಾಡನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರೇ ‘ಮನಮಂಥನ’ವನ್ನೂ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು. ಅವರ ತರುವಾಯ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಮೊದಲಾದವರು ಈ ಕೆಲಸವನ್ನು ಮನೆಮನೆಗೂ ಮುಟ್ಟಿಸಿದರು. ಇದರಿಂದ ನಾಡಿಗೆ ಉಪಕಾರವಾಗಿದೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶಾಸ್ತ್ರದ ಸಂಗತಿಯೊಂದು ಕನ್ನಡಕ್ಕೆ ಬರುವಾಗ ಇಲ್ಲಿ ಬಳಕೆಯಲ್ಲಿರುವ ಮಾತನ್ನೇ ಉಟ್ಟು ಬರಬೇಕಷ್ಟೆ. ಆ ಮಾತಿಗೆ ಮೊದಲಿನಿಂದಲೂ ಒಂದು ಸಂಸಾರವಿರುತ್ತದೆ, ನಂಟರಿರುತ್ತಾರೆ, ಹಳೆಯ ವ್ಯಾಜ್ಯಗಳೂ ಇರುತ್ತವೆ. ಇವುಗಳನ್ನು ವಿಚಾರಿಸದೆ ಮಾತನ್ನು ಮಾತ್ರ ಎತ್ತಿಕೊಂಡರೆ ಶಾಸ್ತ್ರವು ಹೇಳದಿದ್ದುದನ್ನು ಮಾತು ಹೇಳಿಬಿಡುತ್ತದೆ. ಚಂಚಲ ಸ್ವಭಾವದ ಮಕ್ಕಳ ವಿಷಯವಾಗಿ ಈಚೆಗೆ ಬರುತ್ತಿರುವ ಕನ್ನಡ ಲೇಖನಗಳಲ್ಲಿ ‘ವಂಶ’ ಎಂಬ ಮಾತು ಹೀಗೆ ಅನರ್ಥಕ್ಕೆ ಎಡೆಮಾಡಿಕೊಟ್ಟಿದೆಯೆಂದು ನಮಗೆ ತೋರುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಮರ್ಶಿಸಲು ಉದ್ಯುಕ್ತರಾಗಿದ್ದೇವೆ.

ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುವ ಈ ತೊಂದರೆಯ ವರ್ಣನೆ ಹೊಸದಲ್ಲ. ಹಾಫ್‌ಮನ್ ಎಂಬ ಜರ್ಮನ್ ವೈದ್ಯನು ಬರೆದ ಮಕ್ಕಳ ಚಿತ್ರಪುಸ್ತಕದಲ್ಲಿಯೇ ಊಟದ ಮೇಜಿನ ಮುಂದೆ ಒಂದು ಕ್ಷಣವೂ ಸುಮ್ಮನಿರಲಾರದ ಹುಡುಗನೊಬ್ಬನಿದ್ದಾನೆ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ವೈದ್ಯನು ತನ್ನ ಉಪನ್ಯಾಸಗಳಲ್ಲಿ ಇಂಥ ಮಕ್ಕಳ ಮಾತನ್ನೆತ್ತಿದನು. ಅಮೆರಿಕದ ವೈದ್ಯರ ಕೈಪಿಡಿಯಲ್ಲಿ ಅದಕ್ಕೆ 1968ರಲ್ಲಿ ಒಂದು ಹೆಸರು, 1980ರಲ್ಲಿ ಇನ್ನೊಂದು, ಈಗಿನ ಹೆಸರು 1987ರಲ್ಲಿ. ನಮ್ಮಲ್ಲಿ ಇದನ್ನು ‘ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ’ ಎಂದು ಪದಕ್ಕೆ ಪದವಿಟ್ಟು ಕನ್ನಡಿಸಿದ್ದಾರೆ. ಈ ‘ಕೊರತೆ’ಯ ವಿಷಯದಲ್ಲಿಯೇ ನಮ್ಮ ಮೊದಲನೆಯ ತಕರಾರು. ಇರುವೆಯ ಸಾಲನ್ನು ಒಂದು ಗಂಟೆ ನೋಡುತ್ತ ಕುಳಿತ ಹುಡುಗನೇ ಮಗ್ಗಿಯ ಮುಂದೆ ಒಂದು ನಿಮಿಷ ಕೂರಲಾರನು. ಇದನ್ನು ಕಂಡ ತಂದೆ, ‘ಇವನಿಗೆ ಗಮನ ಕೊರತೆಯೆಲ್ಲಿಂದ ಬಂತು, ಇದು ಶುದ್ಧ ಸೋಮಾರಿತನ’ ಎಂದು ಕೋಲು ತೆಗೆದುಕೊಂಡರೆ ಆ ತಪ್ಪಿನಲ್ಲಿ ಹೆಸರಿಟ್ಟವರಿಗೂ ಪಾಲುಂಟು. ಗಮನವೆಂಬ ಕುದುರೆ ಲಾಯದಲ್ಲಿ ಇದ್ದೇ ಇದೆ. ಬೇಕಾದ ಕಡೆಗೆ ತಿರುಗಿಸಿ, ಬೇಡವಾದಾಗ ನಿಲ್ಲಿಸುವ ಕಡಿವಾಣ ಸಡಿಲ. ಈ ಸಡಿಲವು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡು, ಮನೆ ಶಾಲೆ ಎರಡು ಕಡೆಯೂ ತೋರಿ, ಆರು ತಿಂಗಳಿಗೆ ಕಡಮೆಯಿಲ್ಲದೆ ನಿಂತು, ಮಗುವಿನ ಓದಿಗೂ ಒಡನಾಟಕ್ಕೂ ಅಡ್ಡಿಯಾದರೆ ಮಾತ್ರ ವೈದ್ಯರು ಆ ಹೆಸರನ್ನು ಹೇಳುತ್ತಾರೆ. ಕೇವಲ ತುಂಟತನಕ್ಕೆ ಹೇಳುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇದು ಹೇಗೆ ಬರುತ್ತದೆ? ‘ಬಹುಮಟ್ಟಿಗೆ ಅನುವಂಶೀಯವಾದುದು’ ಎಂದು ಲೇಖನಗಳಲ್ಲಿ ಬರೆದಿರುತ್ತದೆ. ಬರೆದವರು ಶಾಸ್ತ್ರಕ್ಕೆ ದ್ರೋಹ ಬಗೆದಿಲ್ಲ. ಆದರೆ ತುಮಕೂರಿನ ಉಪ್ಪಾರಹಳ್ಳಿಯ ಒಂದು ಮನೆಯಲ್ಲಿ ಈ ವಾಕ್ಯವು ಹೇಗೆ ಕೇಳಿಸುವುದೆಂಬುದನ್ನು ಅವರು ಯೋಚಿಸಿದಂತಿಲ್ಲ. ಮೂರನೆಯ ತರಗತಿಯ ಹುಡುಗನ ವಿಷಯವಾಗಿ ಶಾಲೆಯಿಂದ ಚೀಟಿ ಬರುತ್ತದೆ. ಅಜ್ಜಿಯ ಮೊದಲ ಮಾತು: ‘ಇವರಪ್ಪಾನೂ ಚಿಕ್ಕೋನಿದ್ದಾಗ ಹಿಂಗೇ ಇದ್ದ, ಈಗ ದಾರಿಗೆ ಬಂದಿಲ್ವಾ?’ ಚೀಟಿ ಎರಡನೆಯ ಸಲ, ಮೂರನೆಯ ಸಲ ಬಂದು, ಬೆಂಗಳೂರಿಗೆ ಹೋಗಿ ತೋರಿಸಬೇಕೆಂಬ ಮಾತೆದ್ದು, ವಂಶದ ಲೇಖನವನ್ನು ಯಾರಾದರೂ ಓದಿ ಹೇಳಿದ ದಿವಸ ಅದೇ ಅಜ್ಜಿಯ ಎರಡನೆಯ ಮಾತು: ‘ನಮ್ಮ ವಂಶದಲ್ಲಿ ಇಂಥದು ಯಾರಿಗೂ ಇರಲಿಲ್ಲ.’ ಆಗ ಸೊಸೆ ತಲೆ ತಗ್ಗಿಸುತ್ತಾಳೆ; ಆಕೆಯ ತವರಿನ ಮೂರು ತಲೆಮಾರುಗಳು ಪಡಸಾಲೆಯಲ್ಲಿ ನಿಂತು ವಿಚಾರಣೆಗೆ ಗುರಿಯಾಗುತ್ತವೆ. ಸೋಜಿಗವೇನೆಂದರೆ ಅಜ್ಜಿಯ ಮೊದಲನೆಯ ಮಾತೇ ವೈದ್ಯರಿಗೆ ಬೇಕಾದ ಸಾಕ್ಷ್ಯ. ತಂದೆಯ ಬಾಲ್ಯ ಹೇಗಿತ್ತು, ತಾಯಿಯ ಬಾಲ್ಯ ಹೇಗಿತ್ತು, ಸೋದರಮಾವ ಚಿಕ್ಕಪ್ಪಂದಿರ ಪಾಡೇನು ಎಂದು ಅವರು ಕೇಳುತ್ತಾರೆ. ವೈದ್ಯರ ಬಳಿಗೆ ಹೋಗುವುದು ಬೇಡವೆನ್ನಲು ಹೇಳಿದ ಮಾತು ಹೋಗಬೇಕಾದುದಕ್ಕೆ ಕಾರಣವಾಗಿರುತ್ತದೆ. ಅದು ಮನೆಯ ಹೊಸ್ತಿಲನ್ನು ದಾಟುವುದೇ ಇಲ್ಲ.

ಅಜ್ಜಿಯನ್ನು ದೂರಿ ಫಲವಿಲ್ಲ. ಆಕೆ ಕಲಿತುದು ನಮ್ಮ ಕಾವ್ಯ ನಾಟಕ ಕೀರ್ತನೆಗಳಲ್ಲಿ ಎಂದಿನಿಂದಲೋ ನಡೆದುಬಂದ ಪಾಠ. ಅದನ್ನು ಎರಡು ನಿದರ್ಶನಗಳಿಂದ ತೋರಿಸಬಹುದು.

ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿದ ಶಾಕುಂತಲ ನಾಟಕವನ್ನು ಓದದ, ನೋಡದ ವಿದ್ಯಾವಂತರು ಹಿಂದಿನ ತಲೆಮಾರಿನಲ್ಲಿ ಇರಲಿಲ್ಲ. ಅದರ ಏಳನೆಯ ಅಂಕದಲ್ಲಿ ಸಿಂಹದ ಮರಿಯ ಬಾಯನ್ನು ಬಿಡಿಸಿ ಹಲ್ಲೆಣಿಸಲು ಹೊರಟ ಬಾಲಕನೊಬ್ಬನಿದ್ದಾನೆ. ಆಶ್ರಮದ ತಾಪಸಿಯರು ಗದರಿಸುತ್ತಾರೆ, ಬೇಡಿಕೊಳ್ಳುತ್ತಾರೆ, ಆಟದ ನವಿಲನ್ನು ತಂದು ಆಸೆ ತೋರಿಸುತ್ತಾರೆ. ಹುಡುಗನು ಯಾರ ಮಾತನ್ನೂ ಲೆಕ್ಕಿಸುವುದಿಲ್ಲ. ಇಂಥವನನ್ನು ಕಂಡು ದುಷ್ಯಂತನಿಗೆ ರೋಮಾಂಚವಾಗುತ್ತದೆ. ಕೈಯಲ್ಲಿ ಚಕ್ರವರ್ತಿಯ ಲಕ್ಷಣ ಕಾಣುತ್ತದೆ. ಪುರುವಂಶದ ಕುಡಿಯೆಂದು ಕೇಳಿದಾಗ ಎಲ್ಲವೂ ಹೊಂದಿಕೊಳ್ಳುತ್ತದೆ. ತಂದೆಯ ಮುಖವನ್ನೇ ಕಾಣದೆ ಬೆಳೆದ ಮಗುವಿನ ಚಾಪಲ್ಯವು ಸರಾಗವಾಗಿ ತಂದೆಯ ವಂಶಕ್ಕೆ ಜಮೆಯಾಯಿತು. ಏತಕ್ಕೆಂದರೆ ಅದು ಇಲ್ಲಿ ಕೀರ್ತಿಯ ಬಾಬ್ತು. ಇದೇ ದುಷ್ಯಂತನು ಐದನೆಯ ಅಂಕದಲ್ಲಿ ಶಕುಂತಲೆಯನ್ನು ನಿರಾಕರಿಸುವಾಗ ಮೋಸವೆಂಬುದು ಹೆಣ್ಣಿನ ಹುಟ್ಟುಗುಣವೆಂದು, ಪರರ ಗೂಡಿನಲ್ಲಿ ಮರಿಯನ್ನು ಬೆಳೆಸುವ ಕೋಗಿಲೆಯ ದೃಷ್ಟಾಂತವನ್ನು ತರುತ್ತಾನೆ. ಕಣ್ವರು ಸಾಕಿದ ಮಗಳಿಗೆ ಈ ಮಾತು! ಅಪಕೀರ್ತಿಯ ಬಾಬ್ತು ಯಾರ ಲೆಕ್ಕಕ್ಕೆ ಹೋಗುವುದೆಂಬುದು ಇದರಿಂದ ತಿಳಿಯಿತಷ್ಟೆ.

ಎರಡನೆಯದು ನಮ್ಮ ಹೆಂಗಸರು ಹಾಡಿಕೊಂಡು ಬಂದ ಬಾಲಕೃಷ್ಣನ ಚರಿತ್ರೆ. ದಾಸರ ಪದಗಳಲ್ಲಿ, ಕಂಪನಿ ನಾಟಕಗಳ ಕೃಷ್ಣಲೀಲೆಯಲ್ಲಿ, ಗೋಪಿಯರು ಒಬ್ಬರ ಹಿಂದೊಬ್ಬರು ಬಂದು ದೂರು ಕೊಡುತ್ತಾರೆ: ಬೆಣ್ಣೆ ಕದ್ದ, ಗಡಿಗೆ ಒಡೆದ, ಕರುವನ್ನು ಬಿಟ್ಟ, ಮಲಗಿದ್ದ ಮಗುವನ್ನು ಎಬ್ಬಿಸಿದ. ಈ ದೂರುಗಳೆಲ್ಲವೂ ಯಾರಿಗೆ? ಯಶೋದೆಗೆ. ಗೋಕುಲದ ಯಜಮಾನನಾದ ನಂದಗೋಪನ ಬಳಿಗೆ ದೂರು ಹೊತ್ತುಕೊಂಡು ಹೋಗುವ ಗೋಪಿಯ ಚಿತ್ರ ನಮ್ಮ ಪದಗಳಲ್ಲಿ ಬಲು ಅಪರೂಪ. ಮಗನನ್ನು ಹೀಗೆ ಬೆಳೆಸಬಹುದೇ ಎಂದು ಆಡಿಸಿಕೊಳ್ಳತಕ್ಕವಳು ತಾಯಿ. ಈ ಪ್ರಸಂಗದಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ನೆನೆಯದ ಒಂದು ಅಂಶವಿದೆ. ಯಶೋದೆ ಅವನನ್ನು ಹೆತ್ತವಳಲ್ಲ! ಹೆತ್ತ ದೇವಕಿಯೂ ವಸುದೇವನೂ ಮಥುರೆಯ ಸೆರೆಯಲ್ಲಿ. ಕೇಳುವ ನಮಗೆ ಅದು ಗೊತ್ತಿದ್ದೂ, ದೂರು ಬಂದಾಗ ನಾವೂ ಗೋಪಿಯರೊಡನೆ ಸೇರಿ ಯಶೋದೆಯ ಮುಖವನ್ನೇ ನೋಡುತ್ತೇವೆ.

ಶಾಸ್ತ್ರಜ್ಞರು ವಂಶಗುಣದ ಪ್ರಶ್ನೆಯನ್ನು ಬಿಡಿಸಲು ಹಿಡಿದ ದಾರಿಗಳಲ್ಲಿ ಒಂದು ಈ ಯಶೋದೆಯ ದಾರಿಯೇ ಆಗಿದೆ. ಹೆತ್ತವರೇ ಸಾಕಿದರೆ ಮಗುವಿನ ಸ್ವಭಾವಕ್ಕೆ ಹುಟ್ಟು ಎಷ್ಟು ಕಾರಣ, ಸಾಕಿದ ರೀತಿ ಎಷ್ಟು ಕಾರಣವೆಂದು ಬೇರ್ಪಡಿಸುವುದು ಸಾಧ್ಯವಿಲ್ಲ. ದತ್ತುಮಕ್ಕಳಲ್ಲಿ ಈ ಎರಡೂ ಬೇರೆ ಬೇರೆ ಮನೆಗಳಲ್ಲಿರುತ್ತವೆ. ಅಮೆರಿಕದ ಬಾಸ್ಟನ್ ನಗರದ ವೈದ್ಯರು 2000ದಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ, ಈ ತೊಂದರೆಯುಳ್ಳ ಮಕ್ಕಳನ್ನು ಹೆತ್ತು ತಾವೇ ಸಾಕಿದ ತಾಯಿತಂದೆಗಳಲ್ಲಿ ನೂರಕ್ಕೆ 18 ಮಂದಿಗೆ ಅದೇ ತೊಂದರೆ ಕಂಡುಬಂದಿತು. ಇಂಥ ಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದವರಲ್ಲಿ ಅದು ನೂರಕ್ಕೆ 6 ಮಾತ್ರ. ತೊಂದರೆಯಿಲ್ಲದ ಮಕ್ಕಳ ತಾಯಿತಂದೆಗಳಲ್ಲಿ ನೂರಕ್ಕೆ 3. ಪರಿಶೀಲನೆ ದೊಡ್ಡದಲ್ಲ, ಆದರೆ ಅದರ ದಿಕ್ಕು ಸ್ಪಷ್ಟವಾಗಿದೆ. ಸಾಕಿದವರು ಸ್ವಭಾವವನ್ನು ಮಗುವಿಗೆ ಅಂಟಿಸಿದವರಲ್ಲ.

ಇದಕ್ಕಿಂತ ಮನಮುಟ್ಟುವ ವಿಷಯ 2013ರಲ್ಲಿ ಪ್ರಕಟವಾಯಿತು. ಹುಟ್ಟಿದೊಡನೆಯೇ ದತ್ತುಹೋದ ಅಮೆರಿಕದ ಮಕ್ಕಳನ್ನೂ, ಇನ್ನೊಬ್ಬ ಸ್ತ್ರೀಯ ಅಂಡದಿಂದ ತಾಯಂದಿರಾದವರ ಮಕ್ಕಳನ್ನೂ ಪರಿಶೀಲಿಸಿದಾಗ, ಮಗುವಿನ ದುಡುಕು ಸ್ವಭಾವವೇ ರಕ್ತಸಂಬಂಧವಿಲ್ಲದ ತಾಯಿಯ ಸಿಡುಕಿಗೆ ಒಂದು ಕಾರಣವಾಗುತ್ತಿದ್ದಿತೆಂದು ಕಂಡಿತು. ತಾಯಿ ಸಿಡುಕುವುದರಿಂದ ಮಗು ಹೀಗಾಯಿತೆಂದು ನೆರೆಯವರು ಹೇಳುತ್ತಾರೆ; ಮಗು ಹೀಗಿರುವುದರಿಂದ ತಾಯಿ ಸಿಡುಕುತ್ತಾಳೆಂಬುದೂ ಅಷ್ಟೇ ನಿಜ. ಆ ಸಿಡುಕು ತಿರುಗಿ ಮಗುವಿನ ಪಾಡನ್ನು ಕೆಡಿಸುವುದೂ ಉಂಟೆಂದು ಅದೇ ಪರಿಶೀಲನೆ ಹೇಳುತ್ತದೆಯಾದ್ದರಿಂದ ತಾಯಿಯ ನಡತೆಗೆ ಬೆಲೆಯಿಲ್ಲವೆಂದು ಯಾರೂ ತಿಳಿಯಬಾರದು. ಹಗ್ಗ ಸಾಲದೆ ಹಗ್ಗಕ್ಕೆ ಹಗ್ಗ ಗಂಟುಹಾಕಿ, ಬೆವರಿಳಿಸಿ, ಕಡೆಗೆ ಮಗನನ್ನು ಒರಳಿಗೆ ಕಟ್ಟಿದ ಯಶೋದೆಯ ಆಯಾಸವನ್ನು ಭಾಗವತವು ಎಷ್ಟು ಕರುಣೆಯಿಂದ ಕಂಡಿದೆ! ಅವಳನ್ನು ಕಠಿನೆಯೆಂದು ಭಾಗವತಕಾರನು ಹಳಿಯಲಿಲ್ಲ. ಹಳಿಯುವುದನ್ನು ನಾವು ಆಮೇಲೆ ಕಲಿತೆವು.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ರಸಿಕರು ಕೋಪಿಸಿಕೊಂಡಾರು. ಬಾಲಕೃಷ್ಣನಿಗೆ ಈ ತೊಂದರೆಯಿತ್ತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಪುರಾಣಪುರುಷರಿಗೆ ಚೀಟಿ ಬರೆದು ಔಷಧ ಕೊಡುವ ಚಟವೊಂದು ಈಚೆಗೆ ಹರಡಿದೆ. ಅದು ವೈದ್ಯವೂ ಅಲ್ಲ, ವಿಮರ್ಶೆಯೂ ಅಲ್ಲ. ನಮ್ಮ ದೃಷ್ಟಿಯಿರುವುದು ದೂರು ಹೋದ ದಾರಿಯ ಮೇಲೆ.

ಈಗ ಮಾತಿನ ವಿಚಾರ. ‘ಜೀನ್’ ಎಂಬ ಪದವನ್ನು ಡೆನ್ಮಾರ್ಕಿನ ಯೋಹಾನ್ಸೆನ್ ಎಂಬ ಸಸ್ಯಶಾಸ್ತ್ರಜ್ಞನು 1909ರಲ್ಲಿ ಬಳಕೆಗೆ ತಂದನು. ಹಳೆಯ ಅರ್ಥದ ಹೊರೆಯಿಲ್ಲದ ಚಿಕ್ಕ ಪದವೊಂದು ಅವನಿಗೆ ಬೇಕಾಗಿದ್ದಿತು. ಅದನ್ನು ನಾವು ‘ವಂಶವಾಹಿ’ ಎಂದು ಕನ್ನಡಿಸಿದೆವು; ಹೊರೆಯಿಲ್ಲದುದರ ಮೇಲೆ ಹೊರೆ ಹೊರಿಸಿದೆವು. ಸಂಸ್ಕೃತದಲ್ಲಿ ವಂಶವೆಂದರೆ ಬಿದಿರು. ಬಿದಿರು ಗಿಣ್ಣಿನ ಮೇಲೆ ಗಿಣ್ಣಾಗಿ ನೆಟ್ಟಗೆ ಒಂದೇ ದಿಂಡಾಗಿ ಬೆಳೆಯುವಂತೆ ತಂದೆ, ಅವನ ಮಗ, ಅವನ ಮಗ ಎಂದು ಹೋಗುವುದು ವಂಶ. ಸೂರ್ಯವಂಶ ಚಂದ್ರವಂಶಗಳು ಹಾಗೆಯೇ ಬೆಳೆದವು. ಆ ದಿಂಡಿನಲ್ಲಿ ಹೆಂಗಸರಿಗೆ ಜಾಗವಿಲ್ಲ. ಮದುವೆಯಾಗಿ ಬಂದವಳು ಹೊರಗಿನವಳು, ಮದುವೆಯಾಗಿ ಹೋದವಳು ಹೊರಗಿನವಳಾದಳು. ಹೀಗಿರಲಾಗಿ ‘ವಂಶ’ದಿಂದ ಬಂದ ದೋಷವೆಂದೊಡನೆ ದಿಂಡಿನಲ್ಲಿ ಬಿರುಕು ಬಿಟ್ಟಂತಾಗುತ್ತದೆ. ಬಿರುಕನ್ನು ಯಾವ ಮನೆ ಒಪ್ಪೀತು? ಹೊರಗಿನಿಂದ ಬಂದವಳ ಕಡೆಗೆ ಬೆರಳು ತಾನಾಗಿ ತಿರುಗುತ್ತದೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಸಿದ್ಧವಾಗಿಯೇ ಇದೆ.

ಶಾಸ್ತ್ರವು ಕಂಡ ಚಿತ್ರಕ್ಕೂ ಬಿದಿರಿಗೂ ಏನೇನೂ ಹೋಲಿಕೆಯಿಲ್ಲ. ನಮ್ಮ ಬಯಲುಸೀಮೆಯ ಕೆರೆಗೆ ಅದನ್ನು ಹೋಲಿಸಿದರೆ ಸರಿಯಾದೀತು. ಹತ್ತಾರು ಹಳ್ಳಗಳು, ನೂರಾರು ಕಾಲುವೆಗಳು, ಹೊಲಹೊಲದಿಂದ ಹರಿದ ಜಿನುಗು, ಮೇಲಿನ ಕೆರೆಯ ಕೋಡಿ, ಎಲ್ಲವೂ ಸೇರಿ ಕೆರೆ ತುಂಬುತ್ತದೆ. ಕೆರೆ ತುಂಬಿದಾಗ ಈ ಬಿಂದಿಗೆ ನೀರು ಯಾವ ಹಳ್ಳದ್ದೆಂದು ಹೇಳುವ ನೀರುಗಂಟಿ ಇನ್ನೂ ಹುಟ್ಟಿಲ್ಲ. 1995 ಮತ್ತು 1996ರಲ್ಲಿ ಡೋಪಮೈನ್ ಎಂಬ ಮಿದುಳಿನ ರಸಕ್ಕೆ ಸಂಬಂಧಪಟ್ಟ ಒಂದೆರಡು ಜೀನುಗಳ ಮಾತು ಬಂದಾಗ ಶಾಸ್ತ್ರಜ್ಞರೂ ದೊಡ್ಡ ಹಳ್ಳವೇ ಸಿಕ್ಕಿತೆಂದು ಹಿಗ್ಗಿದರು. ಅವುಗಳ ಪ್ರಭಾವ ಅತ್ಯಲ್ಪವೆಂದು ಕ್ರಮೇಣ ತಿಳಿಯಿತು. 2019ರಲ್ಲಿ 20,183 ರೋಗಿಗಳನ್ನೂ 35,191 ಮಂದಿ ಇತರರನ್ನೂ ಹೋಲಿಸಿ ಮಾಡಿದ ಶೋಧನೆಯಲ್ಲಿ ಮೊದಲ ಬಾರಿಗೆ 12 ಸ್ಥಾನಗಳು ಖಚಿತವಾದುವು. 2023ರಲ್ಲಿ ರೋಗಿಗಳ ಸಂಖ್ಯೆ 38,691ಕ್ಕೆ ಏರಿದಾಗ ಸ್ಥಾನಗಳು 27 ಆದುವು. ಅಲ್ಲಿಗೂ ಮುಗಿಯಲಿಲ್ಲ: ಒಟ್ಟಿನಲ್ಲಿ ಸುಮಾರು 7,300 ಸಾಮಾನ್ಯ ವ್ಯತ್ಯಾಸಗಳು ಇದರಲ್ಲಿ ಕೈಹಾಕಿರಬೇಕೆಂದು ಅದೇ ಶೋಧನೆಯ ಅಂದಾಜು. ಒಂದೊಂದರ ಬಲವೂ ಜಿನುಗಿನಷ್ಟು. ಅವುಗಳಲ್ಲಿ ಬಹುಪಾಲು ಇತರ ಮನೋವ್ಯಾಧಿಗಳಲ್ಲಿಯೂ ಪಾಲುಗೊಳ್ಳುತ್ತವೆ. ಇವು ತೊಂದರೆಯಿಲ್ಲದ ನಮ್ಮ ನಿಮ್ಮ ಮೈಯಲ್ಲಿಯೂ ಇವೆಯೆಂಬುದನ್ನು ಲೇಖಕರು ಏಕೆ ದಪ್ಪಕ್ಷರದಲ್ಲಿ ಅಚ್ಚುಹಾಕಿಸುವುದಿಲ್ಲವೋ ತಿಳಿಯದು. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ. ಎರಡು ಕಡೆಯ ಜಿನುಗುಗಳೂ ಒಂದು ಮಗುವಿನಲ್ಲಿ ಹೆಚ್ಚಾಗಿ ಕೂಡಿದರೆ ತೊಂದರೆ ತೋರುತ್ತದೆ, ಅದೇ ತಾಯಿತಂದೆಗಳ ಇನ್ನೊಂದು ಮಗುವಿನಲ್ಲಿ ಕಡಮೆ ಕೂಡಿದರೆ ತೋರುವುದಿಲ್ಲ. ಇಷ್ಟು ಹೇಳಿದ ಮೇಲೆ ಪಡಸಾಲೆಯ ವಿಚಾರಣೆಯಲ್ಲಿ ಆರೋಪಿಯೇ ಉಳಿಯುವುದಿಲ್ಲ.

‘ವಂಶವಾಹಿ’ಗೆ ಬದಲು ಯಾವ ಮಾತೆಂದು ಕೇಳಬಹುದು. ಇಂಗ್ಲಿಷಿನ ಪದವನ್ನೇ ‘ಜೀನು’ ಎಂದಿಟ್ಟುಕೊಳ್ಳೋಣವೆಂದರೆ ನಮ್ಮಲ್ಲಿ ಕುದುರೆಯ ತಡಿಗೆ ಜೀನು ಎನ್ನುತ್ತಾರೆ. ದೀರ್ಘಕ್ಕೆ ದೀರ್ಘವಿಟ್ಟು ‘ಜೀನ’ ಎಂದರೆ ಜಿಪುಣನಾಗುತ್ತಾನೆ. ಆದರೂ ನಮ್ಮ ಮತ ಅದರ ಕಡೆಗೇ. ತಡಿಯಿಂದ ಯಾವ ಸೊಸೆಗೂ ಅಪವಾದ ಬರಲಾರದು. ನಮ್ಮ ಜಿಲ್ಲೆಯ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ‘ರಾಷ್ಟ್ರಪತಿ’ ಎಂಬ ಮಾತನ್ನು ಕೊಟ್ಟವರೆಂದು ಪ್ರಸಿದ್ಧರು. ನಮ್ಮ ಜಿಲ್ಲೆಯವರೇ ಆದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕನ್ನಡ ನಿಘಂಟಿನ ಕೆಲಸಕ್ಕೆ ದುಡಿದವರು. ಪದವೊಂದನ್ನು ಟಂಕಿಸುವಾಗ ಅದು ಯಾರ ಬಾಯಲ್ಲಿ, ಯಾವ ಜಗಳದಲ್ಲಿ ಬಳಕೆಯಾದೀತೆಂದು ನೋಡುವ ಕಿವಿ ಅಂಥವರಿಗಿದ್ದಿತು.

ಮಾತಿಗಿಂತಲೂ ಹೆಚ್ಚಿನ ಹಾನಿಯನ್ನು ಮಾಡುತ್ತಿರುವುದು ಒಂದು ಅಂಕಿ. ‘ಈ ತೊಂದರೆ ನೂರಕ್ಕೆ 74ರಷ್ಟು ಅನುವಂಶೀಯ’ ಎಂದು ಲೇಖನಗಳಲ್ಲಿ ಕಾಣುತ್ತೇವೆ. ಅಂಕಿ ಸುಳ್ಳಲ್ಲ. ಅವಳಿ ಮಕ್ಕಳನ್ನು ಕುರಿತ 37 ಪರಿಶೀಲನೆಗಳ ಸರಾಸರಿ ಅದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಿಗಿಂತ ಈ ವಿಷಯದಲ್ಲಿ ಎಷ್ಟು ಹೆಚ್ಚಾಗಿ ಹೋಲುತ್ತಾರೆಂಬುದನ್ನು ಅಳೆದು ಅದನ್ನು ಕಂಡುಹಿಡಿಯುತ್ತಾರೆ. ಆದರೆ ಓದಿದ ತಂದೆಗೆ ಆಗುವ ಅರ್ಥವೇ ಬೇರೆ. ‘ನನ್ನ ಮಗನ ತೊಂದರೆಯಲ್ಲಿ ಮುಕ್ಕಾಲು ಪಾಲು ಹುಟ್ಟಿನಿಂದ, ಕಾಲು ಪಾಲು ಮಾತ್ರ ನಮ್ಮ ಕೈಯಲ್ಲಿ’ ಎಂದು ಅವನು ಲೆಕ್ಕಹಾಕುತ್ತಾನೆ. ಈ ಲೆಕ್ಕಕ್ಕೆ ಅರ್ಥವೇ ಇಲ್ಲ. ರಾಗಿಯ ಹೊಲಕ್ಕೆ ಬನ್ನಿ. ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ಇಂಡಿಯದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರಷ್ಟೆ. ಇಂಡಾಫನ್ನೂ ನಾಟಿ ರಾಗಿಯನ್ನೂ ಒಂದೇ ಹೊಲದಲ್ಲಿ, ಒಂದೇ ಗೊಬ್ಬರ ನೀರಿನಲ್ಲಿ ಬೆಳೆದರೆ ತೆನೆತೆನೆಗೂ ಇರುವ ವ್ಯತ್ಯಾಸವೆಲ್ಲ ಹೆಚ್ಚುಕಡಮೆ ಬೀಜದ್ದು. ಒಂದೇ ಬೀಜವನ್ನು ಕೆರೆಯ ಕೆಳಗೂ ಕಲ್ಲುಬೋರೆಯ ಮೇಲೂ ಚೆಲ್ಲಿದರೆ ವ್ಯತ್ಯಾಸವೆಲ್ಲ ಭೂಮಿಯದು. ಮೊದಲನೆಯ ಹೊಲದಲ್ಲಿ ಅಂಕಿ ನೂರರ ಬಳಿ, ಎರಡನೆಯದರಲ್ಲಿ ಸೊನ್ನೆಯ ಬಳಿ. ರಾಗಿ ಮಾತ್ರ ಅದೇ ರಾಗಿ. ನೂರಕ್ಕೆ 74 ಎಂಬುದು ಹೊಲದ ವಿಷಯವಾಗಿ ಹೇಳಿದ ಮಾತು, ಒಂದು ತೆನೆಯ ವಿಷಯವಾಗಿ ಹೇಳಿದುದಲ್ಲ. ಒಂದು ತೆನೆಯಲ್ಲಿ ಬೀಜದ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಕೇಳುವ ರೈತನನ್ನು ಸಂತೆಯಲ್ಲಿ ನಗುತ್ತಾರೆ. ಅದೇ ಪ್ರಶ್ನೆಯನ್ನು ಮಗುವಿನ ವಿಷಯದಲ್ಲಿ ವಿದ್ಯಾವಂತರು ಗಂಭೀರವಾಗಿ ಕೇಳುತ್ತಾರೆ.

ಈ 74ರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನೂ ಇಡಬೇಕಾದುದು ನ್ಯಾಯ. ಮೇಲೆ ಹೇಳಿದ 2023ರ ಶೋಧನೆಯಲ್ಲಿ ಸಾಮಾನ್ಯ ವ್ಯತ್ಯಾಸಗಳನ್ನೆಲ್ಲ ಕೂಡಿಸಿದರೂ ವಿವರಿಸಲಾದುದು ನೂರಕ್ಕೆ 14ರಷ್ಟು ಮಾತ್ರ. 74ಕ್ಕೂ 14ಕ್ಕೂ ನಡುವಿನ ಅಂತರದಲ್ಲಿ ಅಪರೂಪದ ವ್ಯತ್ಯಾಸಗಳೆಷ್ಟು, ಅವಳಿಗಳ ಲೆಕ್ಕದಲ್ಲಿಯೇ ಸೇರಿಕೊಂಡ ಹೆಚ್ಚುವರಿ ಎಷ್ಟು ಎಂಬುದು ಶಾಸ್ತ್ರಜ್ಞರಲ್ಲಿಯೇ ಚರ್ಚೆಯಲ್ಲಿದೆ. ದೊಡ್ಡ ಅಂಕಿಯನ್ನು ಹಿಡಿದು ಚಿಕ್ಕದನ್ನು ಬಿಡುವುದು ಗ್ರಂಥಕರ್ತರಿಗೆ ಒಪ್ಪತಕ್ಕ ಕೆಲಸವಲ್ಲ.

ಹುಟ್ಟಿನಿಂದ ಬಂದುದು ಬದಲಾಗದೆಂಬ ನಂಬಿಕೆಯೂ ಇದರೊಡನೆ ಸೇರಿಕೊಂಡಿದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಪುಟಕ್ಕೊಂದು ಬಾರಿ ಬರುತ್ತದೆ. ಗಾದೆಯ ಸೊಗಸಿಗೆ ಮರುಳಾದ ಲೇಖಕನು ತನ್ನ ಲೇಖನದ ಕಡೆಯಲ್ಲಿ ಚಿಕಿತ್ಸೆಯ ಮಾತನ್ನು ಬರೆಯುವುದು ಹೇಗೋ ಕಾಣೆವು. ಸಮೀಪದೃಷ್ಟಿಯೂ ಬಹುಮಟ್ಟಿಗೆ ತಾಯಿತಂದೆಗಳಿಂದ ಬರುತ್ತದೆ. ಅದಕ್ಕಾಗಿ ಯಾರೂ ಕನ್ನಡಕವನ್ನು ಬೇಡವೆನ್ನುವುದಿಲ್ಲ. ಫಿನೈಲ್‌ಕೀಟೊನ್ಯೂರಿಯ ಎಂಬ ರೋಗವು ಪೂರ್ತಿಯಾಗಿ ಜೀನಿನ ದೋಷದಿಂದ ಬಂದುದಾದರೂ ಹುಟ್ಟಿದೊಡನೆ ಕಂಡುಹಿಡಿದು ಪಥ್ಯವನ್ನಿಟ್ಟರೆ ಮಗುವಿನ ಬುದ್ಧಿಗೆ ಕುಂದು ಬರುವುದಿಲ್ಲ. ನಮ್ಮ ಪ್ರಕೃತ ತೊಂದರೆಯಲ್ಲಿಯೂ ಹಾಗೆಯೇ: ತಾಯಿತಂದೆಗಳಿಗೆ ಕೊಡುವ ಶಿಕ್ಷಣ, ಶಾಲೆಯಲ್ಲಿ ಪಾಠವನ್ನು ತುಂಡುತುಂಡಾಗಿ ಮಾಡಿ ಕೊಡುವುದು, ಅಗತ್ಯಬಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಔಷಧ, ಇವುಗಳಿಂದ ಬಹಳ ಮಂದಿ ಮಕ್ಕಳಿಗೆ ಪ್ರಯೋಜನವಾಗಿದೆ. ಬೀಜದ ಜೊತೆಗೆ ಭೂಮಿಯ ಪಾಲೂ ಇದ್ದೇ ಇದೆ. ದಿನ ತುಂಬದೆ ಹುಟ್ಟಿದವರಲ್ಲಿ, ಹುಟ್ಟಿದಾಗ ತೂಕ ತೀರ ಕಡಮೆಯಿದ್ದವರಲ್ಲಿ, ಸೀಸದ ವಿಷ ಮೈಗೆ ಸೇರಿದವರಲ್ಲಿ ಇದು ಹೆಚ್ಚೆಂದು ತಿಳಿದಿದೆ. ಸೀಸದ ಪೆಟ್ರೋಲು ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ. ಬಣ್ಣಗಳಲ್ಲಿಯೂ ಹಳೆಯ ಬ್ಯಾಟರಿಗಳನ್ನು ಕರಗಿಸುವ ಕಡೆಗಳಲ್ಲಿಯೂ ಅದರ ಭಯ ಹೋಗಿಲ್ಲ. ಇದನ್ನು ವಂಶದ ಲೆಕ್ಕಕ್ಕೆ ಬರೆದರೆ ನಗರಸಭೆಗೆ ಎಷ್ಟು ಅನುಕೂಲ!

ಹುಡುಗಿಯರ ವಿಷಯವಾಗಿ ಒಂದು ಮಾತು. ವೈದ್ಯರ ಪಟ್ಟಿಯಲ್ಲಿ ಹುಡುಗರ ಸಂಖ್ಯೆ ಹುಡುಗಿಯರದಕ್ಕಿಂತ ಎರಡು ಮೂರು ಪಾಲು ಹೆಚ್ಚಾಗಿರುತ್ತದೆ. ನಮ್ಮ ಸಾಹಿತ್ಯದಲ್ಲಿಯೂ ಚೇಷ್ಟೆ ಗಂಡುಮಕ್ಕಳ ಹಕ್ಕು. ಹೆಣ್ಣುಮಗು ಅದನ್ನು ಮಾಡಿದರೆ ‘ಗಂಡುಬೀರಿ’ ಎಂಬ ಬಿರುದು. ಆದರೆ ಕುಳಿತಲ್ಲಿಯೇ ಕುಳಿತು ಕಿಟಕಿಯಾಚೆ ನೋಡುವ, ಉಕ್ಕುವ ಹಾಲನ್ನು ಮರೆಯುವ, ಕೊಟ್ಟ ಕೆಲಸವನ್ನು ಅರ್ಧಕ್ಕೆ ಬಿಡುವ ಹುಡುಗಿಯಲ್ಲಿಯೂ ಇದೇ ಸಡಿಲವಾದ ಕಡಿವಾಣ ಇರಬಹುದು. ಅವಳು ಯಾರ ಗಡಿಗೆಯನ್ನೂ ಒಡೆಯದ್ದರಿಂದ ಯಾರೂ ದೂರು ತರುವುದಿಲ್ಲ. ‘ಮಂಕು’ ಎಂದು ಹೇಳಿ ಮುಗಿಸುತ್ತಾರೆ. ಮುಂದೆ ಅವಳ ಮಗನ ವಿಷಯವಾಗಿ ಬೆಂಗಳೂರಿನ ವೈದ್ಯರ ಮುಂದೆ ಕುಳಿತಾಗ, ಅವರು ಮಗನನ್ನು ಕುರಿತು ಕೇಳುವ ಪ್ರಶ್ನೆಗಳಲ್ಲಿ ತನ್ನ ಬಾಲ್ಯವನ್ನು ಗುರುತಿಸಿಕೊಳ್ಳುವ ತಾಯಂದಿರೂ ಉಂಟು.

ಕಡೆಯದಾಗಿ, ಇಷ್ಟೆಲ್ಲ ಅಂಕಿಗಳೂ ಯಾರ ಮಕ್ಕಳವು ಎಂಬ ಪ್ರಶ್ನೆ. ಮೇಲಿನ ದೊಡ್ಡ ಶೋಧನೆಗಳಲ್ಲಿ ಪಾಲುಗೊಂಡವರು ಬಹುತೇಕ ಯೂರೋಪಿನ ಮೂಲದವರು. ಡೆನ್ಮಾರ್ಕಿನ ಮಕ್ಕಳು ಅವರಲ್ಲಿ ಬಹುಮಂದಿ. ಅವರ ರಕ್ತದಿಂದ ಕಟ್ಟಿದ ತೂಕದ ಕಟ್ಟನ್ನು ನಮ್ಮ ಮಕ್ಕಳನ್ನು ತೂಗಲು ಹಾಗೆಯೇ ಬಳಸಲಾಗದು. ಜೊಲ್ಲನ್ನು ಅಂಚೆಯಲ್ಲಿ ಕಳುಹಿಸಿದರೆ ಮಗುವಿನ ಭವಿಷ್ಯವನ್ನು ಹೇಳುತ್ತೇವೆನ್ನುವ ವ್ಯಾಪಾರಿಗಳ ಜಾಹೀರಾತನ್ನು ಜಾತಕದ ಪಕ್ಕದಲ್ಲಿಟ್ಟು ಹೆಣ್ಣು ಗಂಡು ನೋಡುವ ಕಾಲ ದೂರವಿಲ್ಲವೆಂದು ಕೆಲವರು ಹೆದರಿಸುತ್ತಾರೆ. ಯಾವ ರಕ್ತಪರೀಕ್ಷೆಯಿಂದಲೂ, ಯಾವ ಜೀನುಪರೀಕ್ಷೆಯಿಂದಲೂ ಒಂದು ಮಗುವಿಗೆ ಈ ತೊಂದರೆಯುಂಟು ಇಲ್ಲವೆಂದು ನಿರ್ಣಯಿಸುವುದು ಇಂದಿಗೆ ಸಾಧ್ಯವಿಲ್ಲ. ಎಂದ ಮೇಲೆ ಇನ್ನೂ ಹುಟ್ಟದ ಮಗುವಿನ ಮಾತೇನು? ನಮ್ಮ ನೆಲದ ಲೆಕ್ಕವೂ ಈಗ ಆರಂಭವಾಗಿದೆ. ನಿಮ್ಹಾನ್ಸಿನವರು ಇಂಗ್ಲೆಂಡಿನ ವಿದ್ವಾಂಸರೊಡನೆ ಕೂಡಿ ಸಿ-ವೇದ ಎಂಬ ಹೆಸರಿನಲ್ಲಿ 6ರಿಂದ 23 ವರ್ಷದ ಸುಮಾರು 9,000 ಮಂದಿಯನ್ನು ದೇಶದ ಏಳು ಕೇಂದ್ರಗಳಲ್ಲಿ ಪರಿಶೀಲನೆಗೆ ತೆಗೆದುಕೊಂಡಿದ್ದಾರೆ. ದುಡುಕು, ಹತೋಟಿಯಿಲ್ಲದ ನಡತೆ ಮೊದಲಾದುವಕ್ಕೆ ಹುಟ್ಟೂ ಪರಿಸರವೂ ಹೇಗೆ ಕೂಡಿ ಕಾರಣವಾಗುತ್ತವೆಂಬುದು ಅದರ ವಿಷಯ. ಆ ಕೇಂದ್ರಗಳಲ್ಲಿ ಮೈಸೂರೂ ಒಂದು. ಅಲ್ಲಿಯ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೆ ಆ ಹಳೆಯ ದಫ್ತರಗಳು ವೈದ್ಯಲೋಕಕ್ಕೆ ನಿಧಿಯಾದುವು. ಆ ಪುಸ್ತಕಗಳಲ್ಲಿ ಮಗುವಿನ ವಿಷಯವಾಗಿ ಇದ್ದುದು ತೂಕ, ಉದ್ದ, ತಲೆಯ ಸುತ್ತಳತೆ.